ಕಟ್ಟಿಗಿಗಿ ಕಟ್ಟಿಗೀದೇ ಅಂಟು

ಬಿಚ್ಚಿತು ಅಂದ್ರ? ಹೆಂಗ ಬಿಚ್ಚಿತು? ಎಳದು ಮುಚ್ಚೋ ಖಾನಿ ಏನು ನಿನ್ನ ಪಾಯಜಾಮದ ಲಾಡಿ ಏನು, ತಾನೇ ಬಿಚ್ಚಾಕ? … ಒಳಗ ಬಾ ಪೈಲಾ. ಬಾಗಲದಾಗ ನಿಂತು ಇಂಥಾ ಸುದ್ದಿ ಹೇಳ್ತಾರೇನೋ ಸಲಾವುದ್ದೀನ? ಆ ರಂದಾ ಆಕಡಿ ಸರಸು, ಹಲಗಿ ಮ್ಯಾಲ ಕುಂದ್ರು. ಕಟ್ಟಿಗಿ ಪುಡಿ ಹತ್ತಿದ್ರ ಹತ್ತಲಿ, ಝಾಡಿಸಿಕೊಂಡ್ರ ಹೋಗ್ತದ. ಒಂಬತ್ತು ವರ್ಷ ಅಂಟು ಕಾಸೋ ಒಲಿಗಿ ನನ್ನ ಅಂಗಡಿ ಪುಡಿ ಚೀಲಾ ಚೀಲಾ ಹೊತ್ತುಕೊಂಡು ಹೋದಾವ ನೀ, ಈಗೇನು ನವಾಬ ಆಗೀದಿ?

ತೋರಿಸು ನೋಡೋಣು. ಅರಿವ್ಯಾಗ ಯಾಕ ಸುತ್ತೀದಿ, ಹಸಗೂಸು ತಂದಂಗ? … ಅಯ್ಯ! ಖರೇನೇ ಬಿಚ್ಚ್ಯಾದಲ್ಲೋ. ನಾಕೂ ಮೂಲಿ! ಮತ್ತ ಹಸಿ ಅದ. ತೊಯ್ಸೀದೇನು? … ಏನು, ಕುದಿಸಿದ್ದಿ? ಖಾನಿ ಕುದಿಸಿದ್ದಿ? ಹಂಡೇದಾಗ?

ಹ್ಹಹ್ಹ! ತಡಿ, ನಗು ತಡಿಯವಲ್ದು ನನಗ. ಗೌಸಿಯಾಬೇಗಂ ಏನಂದ್ಲು? ಗಂಡ ಮುಂಜಾನೆದ್ದು ಹಂಡೇದಾಗ ಖಾನಿ ಬೇಸಾಕತ್ತಾನ ಅಂದ್ರ ಯಾವ ಹೆಣ್ಮಗಳು ಸುಮ್ನಿದ್ದಾಳು? "ಉಪ್ಪು ಖಾರ ಹಾಕಲೇನ್ರಿ" ಅಂತ ಕೇಳಿರಬೇಕು. … ನಿನಗ ನಗು ಬರವಲ್ದು. ಬ್ಯಾಡ ಬಿಡು, ನಾನೇ ಇಬ್ಬರದೂ ನಗ್ತೇನಿ. ಮುಚ್ಚು ಅದನ್ನ, ಅರಿವಿ ಮುಚ್ಚು. ಏನ್ ನೋಡೂದದ ಅದರಾಗ? ಹೆಣಾ ನೋಡಿದಂಗ ನೋಡಬ್ಯಾಡ.

ಯಾಕ ಕುದಿಸೀದಿ ಅಂತ ನನಗ ಗೊತ್ತದ ತೊಗೊ. ನಾಳೆ ಹೈದರಾಬಾದದಿಂದ ಪ್ಲೈವುಡ್ ಕಂಪನಿಯವರು ಬರ್ತಾರ, ನಿನ್ನ ಅಂಟು ನೋಡಾಕ. "ಹಚ್ಚಿ ಎರಡು ವರ್ಷ ಬಾಳಿದ್ದು ಒಂದು ಸಾಮಾನು ತೋರಿಸ್ರಿ, ನಾವು ಒಯ್ದು ಮೂರು ದಿವಸ ನೀರಾಗ ಕುದಿಸ್ತೇವಿ, ಬಿಡಲಿಲ್ಲ ಅಂದ್ರ ಅಂಟು ನಮ್ಮದು, ನಿಮ್ಮನ್ನೂ ನಮ್ಮ ಲ್ಯಾಬಿಗೆ ಕರ್ಕೋತೇವಿ" ಅಂತ ಕಾಗದಾ ಬರದಾರ. ನೀ ಏನ್ ತೋರಿಸ್ತಿ? ನಮ್ಮಿಬ್ಬರನ್ನ ಬೆಳಸಿದ ಸುಭದ್ರವ್ವನ ದೇವರ ಜಗಲಿ ಖಾನಿ, ಆಕೀನ್ನ ಕೇಳಿ ತಂದದ್ದು. ಆಳಂದ ತುಂಬ ನಿನ್ನ ಅಂಟಿಂದು ಅಂತ ಇರೂದು ಅದೊಂದೇ. ಅವರು ಕುದಿಸೋಕಿಂತ ಮೊದಲ ನಾನೇ ಒಂದ್ ತಾಸು ಕುದಿಸಿ ನೋಡೋಣು ಅಂದಿ. ಪರೀಕ್ಷಾದ ಹಿಂದಿನ ದಿನ ಪೇಪರ ಒಡದು ನೋಡಿದಂಗಾತು ಇದು. ಸಾಲಿ ಮಾಸ್ತರ ಆಗಿ ಹಿಂಗ ಮಾಡಬಾರದಪಾ.

ಹೋಗ್ಲಿ ಬಿಡು. ಹಾಂ? ಹೋಗ್ಲಿ. ಕುದಿಯೋ ನೀರಾಗ ಹಾಕಿದ್ರ ನಾ ಬಿಚ್ಕೋತೇನಿ, ನೀ ಬಿಚ್ಕೋತಿ. ನಿನ್ನ ಅಂಟಿಗಿ ಅಷ್ಟು ತಾಕತ್ತ ಇದ್ದಿಲ್ಲ, ಮುಗೀತು. ಅದರಾಗ ಅವಮಾನ ಏನದ?

ಏ ಚಂದಮ್ಮ! ಮಾಸ್ತರ ಬಂದಾನ, ಚಹಾ ಇಡು! ಸಕ್ಕರಿ ಜರಾ ಜಾಸ್ತಿ ಹಾಕು, ಮಾರಿ ಕಹಿ ಮಾಡ್ಕೊಂಡು ಕುಂತಾನ!

… ಯಾಕೋ, ನನ್ನ ಕೈ ಯಾಕ ನೋಡಾಕತ್ತೀದಿ? ಉಳಿ ಹತ್ತಿದ ಗಾಯ ಅದು, ಮೊನ್ನೀದು. ಜೇವರ್ಗಿ ಪೊಲೀಸ ಪಾಟೀಲನ ಮನಿ ಬಾಗಲಾ ಕೆತ್ತೂ ಮುಂದ ಹತ್ತಿತು. ಏನಿಲ್ಲ, ವಾಸಿ ಆಗ್ಯಾದ.

ಸಲ್ಲು, ನೆನಪದ ಏನು ನಿನಗ, ಪೈಲಾ ಸಲ ಬಂದು ಇದೇ ಹಲಗಿ ಮ್ಯಾಲ ಕುಂತು "ದತ್ತು, ನಾ ಕಟ್ಟಿಗಿ ಕರಗಸ್ತೀನಿ" ಅಂದದ್ದು? ನಾ ಏನಂದೆ ಹೇಳು? ಕಟ್ಟಿಗಿ ಸುಡ್ತದ, ಕಟ್ಟಿಗಿ ಕೊಳೀತದ, ಕಟ್ಟಿಗಿ ಹುಳಾ ತಿಂತಾವ, ಕರಗಾಕ ಅದೇನು ಸಕ್ಕರೀನಾ ಅಂದಿದ್ನಿ. ನೀ ಸಿಟ್ಟಿಗೆದ್ದು ಹೋದಿ. ಮರದಿನ ಮತ್ತ ಬಂದಿ. ಹಂಗೇ ನೀ! ಬೈದ್ರ ಮರದಿನ ತಪ್ಪದ ಬರ್ತಿ.

ಜಪಾನಿನವರು ಮಾಡ್ಯಾರ ಅಂತ ಯಾವುದೋ ಪುಸ್ತಕದಾಗ ಓದಿದ್ದಿ. ಜಪಾನದಾಗ ಮಾಡಿದ್ರ ಮಾಡ್ಲಿ, ಅವರಿಗಿ ಬ್ಯಾರೆ ಕೆಲಸಿಲ್ಲ. ಆಳಂದದಾಗ ಯಾಕ? ಇಲ್ಲಿ ಏನ್ ಕಟ್ಟಿಗಿ ಅದ? ಜಾಲಿ ಅದ, ಬೇವು ಅದ. ಬ್ಯಾರೆ ಎಲ್ಲಾ ತೊಗರಿ ಕಟ್ಟಿಗಿ. "ಅದೇ ಬೇಕು" ಅಂದಿ! ಕಟಾವಾದ ಮ್ಯಾಲ ಮಂದಿ ಒಲಿಗಿ ಹಾಕೋ ತೊಗರಿ ಕಟ್ಟಿಗಿ ನೀ ಗಾಡಿ ಗಟ್ಟಲೆ ತಂದು ಕುಟ್ಟಿ, ಸಾಣಿಗಿ ಹಿಡದು, ಹಿಟ್ಟು ಮಾಡ್ದಿ. ಓಣ್ಯಾಗ ಮಂದಿ ಮಾಸ್ತರಗ ಸಂಬಳಾ ಬಂದಿಲ್ಲ, ಕಟ್ಟಿಗಿ ಹಿಟ್ಟಿನ ರೊಟ್ಟಿ ತಿಂತಾನ ಅಂದ್ರು. ನಾನೂ ಅಂದ್ನಿ. ಅಲ್ಲ, ಪೈಲಾ ನಾನೇ ಅಂದದ್ದು, ಆಮ್ಯಾಲ ಮಂದಿ ಅಂದ್ರು.

ಹಾಂ, ತುಟಿ ಅಲುಗಿತು! ಕಂಡೆ ನಾ, ಸುಳ್ಳ ಹೇಳಬ್ಯಾಡ.

ಮತ್ತ ಆ ಸಿರ್ಕಾದ ಹುಳಿ ವಾಸನಿ! ಹಿಟ್ಟಿಗಿ ಪೈಲಾ ಔಷಧ ಉಣಸಬೇಕು, ಕಟ್ಟಿಗಿ ಗುಣಾ ಬದಲಾಗಬೇಕು, ಬದಲಾಗಲಾರದ ಕಟ್ಟಿಗಿ ಕರಗಂಗಿಲ್ಲ ಅಂತಿದ್ದಿ. ದಿನಾ ಬಂದು ಪಾಠಾ ಹೇಳ್ತಿದ್ದಿ ನನಗ, ನಾನೇನು ನಿಮ್ಮ ಸಾಲಿ ಹುಡುಗ ಇದ್ದಂಗ. ಆಮ್ಯಾಲ ಕಾರ್ಬಾಲಿಕದಾಗ ಹಾಕಿ, ತೇಜಾಬು ಅಂದ್ರ ಆಸಿಡ್ ನಾಕು ಹನಿ ಬಿಟ್ಟು, ಹಗಲೆಲ್ಲಾ ಕಾಸೂದು. ಮನಿ ತುಂಬ ದವಾಖಾನಿ ವಾಸನಿ. ಗೌಸಿಯಾಬೇಗಂ ಎರಡು ಸಲ ಅಫಜಲಪುರಕ್ಕ ತವರಮನಿಗಿ ಹೋದ್ಲು. ಎರಡನೇ ಸಲ ಕರಿಯಾಕ ನನ್ನನ್ನ ಕಳಸಿದ್ದಿ, ಹೇಡಿ! ಅವರಪ್ಪ ನನಗ ಬೈದಾ ಪಾಪ, ನಾನೇ ಅಳಿಯ ಇದ್ದಂಗ.

ಒಂದಿನ ಕರಗಿತು ಅದು. ಕರಗೇಬಿಡ್ತು! ಕಾಜಿನ ಬಾಟಲ್ಯಾಗ ತಂದಿದ್ದಿ, ಭೂಸನೂರ ಗಾಣದ ಬೆಲ್ಲದ ಪಾಕ ಹತ್ತಿ ಸೀದು ಹೋಗ್ತದಲ್ಲ, ಹಂಗ ಕರ್ರಗ. ನಾ ಬೆರಳ ಅದ್ದಾಕ ಹೋದ್ರ ಫಟ್ ಅಂತ ಕೈ ಮ್ಯಾಲ ಹೊಡದಿ. "ವಿಷ ಅದ ದತ್ತು" ಅಂದಿ. ಮುಂದ ಏನಂದಿ? "ಇದು ತೊಗರಿ ಕಟ್ಟಿಗಿ ದತ್ತು. ಇದು ಕಟ್ಟಿಗಿ." ಕಣ್ಣಾಗ ನೀರು ನಿನ್ನವು. ನನ್ನವೂ ಇದ್ದವು ಅನ್ನು. ಕಾರ್ಬಾಲಿಕ ಘಾಟಿಗಿ ಬಂದಾವ ಅಂತ ಹೇಳಿದ್ನಿ ಆವಾಗ.

… ಚಹಾ ಬಂತು. ಕುಡಿ. ಯಾಕ, ಕುಡಿಯಂಗಿಲ್ಲ? ಏ ಚಂದಮ್ಮ, ನೀ ಮಾಡಿದ ಚಹಾ ಮಾಸ್ತರ ಕುಡಿಯಂಗಿಲ್ಲಂತ! … ನೋಡು, ಆಕಿ ಸೆರಗಿನಾಗ ನಗ್ಕೋತ ಹೋದ್ಲು. ಆಕಿಗೂ ಗೊತ್ತದ ನಿನ್ನ ಹಠಾ.

ಈಗ ನನ್ನ ಮಾತ ಕೇಳು. ನಾಳೆ ಬರೋರಿಗಿ ಬರಬ್ಯಾಡ್ರಿ ಅಂತ ಒಂದು ತಾರು ಕಳಸಿಬಿಡು. ಏನಾಗ್ತದ? ಮಾಸ್ತರಕಿ ಅದ, ಮುಂದಿನ ವರ್ಷ ಹೆಡ್ ಮಾಸ್ತರ ಆಗ್ತಿ, ಬಿಳೀ ಅಂಗಿ ಹಾಕ್ಕೊಂಡು ಝಂಡಾ ಹಾರಸ್ತಿ. ಹೈದರಾಬಾದದಾಗ ಏನಿಟ್ಟದ? ಅಲ್ಲಿ ನೀರ ಸುದ್ದ ಸರಿಯಿಲ್ಲ. ಒಂದ್ ಅಂಟು ಖರಾಬಾತು ಅಂದ್ರ ಮನಷ್ಯಾ ಖರಾಬಾದನೇನು? ಅಂಟು ಖರಾಬೇ ಇತ್ತು ತೊಗೊ. ಎರಡು ವರ್ಷ ಹಿಡಕೊಂಡಿತಲ್ಲ, ಅದೇ ದೊಡ್ಡದು.

… ಅಂದ್ನೇನು ನಾ? ಖರಾಬು ಅಂದ್ನೇನು? ಬಾಯಿಗಿ ಬಂತು. ಅನ್ನಬಾರದಾಗಿತ್ತು. ಆದ್ರೂ ಈಗ… ಇಲ್ನೋಡು, ಖಾನಿ ಬಿಚ್ಚ್ಯಾದೋ ಇಲ್ಲೋ? ಬಿಚ್ಚ್ಯಾದ. ಮತ್ತ ಯಾರದು ತಪ್ಪು? ಕಟ್ಟಿಗೀದಲ್ಲ, ಸಾಗವಾನಿ ಅದು, ನಾನೇ ಆರಿಸಿ ತಂದದ್ದು. ಮೂಲಿಗಿ ಹಲ್ಲು ಕೆತ್ತಿ ಹಲಗಿ ಕೂಡಿಸಿದ್ದೂ ಬರೊಬ್ಬರಿ ಅದ. ನನ್ನ ಕೈಯಾಗಿನ ಹಲ್ಲು ಮೂವತ್ತು ವರ್ಷದಾಗ ಯಾವ ಮಗಾ ಸಡ್ಲ ಅಂದಿಲ್ಲ. ಉಳದದ್ದು ಏನು? ಅಂಟು ಉಳೀತು. ಲೆಕ್ಕಾ ನೀನೇ ಹಾಕು, ಮಾಸ್ತರ ನೀ.

ಏನಾರ ಮಾತಾಡಪಾ. ಸುಮ್ನ ಕುಂತ್ರ ಹೆಂಗ? … ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಯಾಕ ಮುಟ್ಕೋತಿ ಅಂತೀಯೇನು? ಅನ್ನಲಿಲ್ಲ? ನೀ ಏನೂ ಅನ್ನಲಿಲ್ಲ. ಹೌದು, ನೀ ಏನೂ ಅಂದಿಲ್ಲ. ನಾ ಎಲ್ಲಿ ಹೆಗಲ ಮುಟ್ಕೊಂಡೆ? ಬೆವರ ಒರಸಿಕೊಂಡ್ನಿ. ಆಳಂದದ ಬಿಸಲು ನಿನಗ ಗೊತ್ತಿಲ್ಲದ್ದೇನು?

ಎಲ್ಲಿಗಿ ಎದ್ದಿ? ಕುಂದ್ರೋ. ಅರಿವ್ಯಾಗ ಮತ್ತ ಕಟ್ಟಾಕತ್ತೀದಿ… ಗಂಟು ಬಿಗಿ ಹಾಕೀದಿ. ಎಲ್ಲಿಗಿ? ಆಕಡಿ ಕೈ ಮಾಡ್ತಿ. ಸುಭದ್ರವ್ವನ ಮನಿಗಾ?

ಆಕಿ ಮನಿಗಿ ಈಗ ಯಾಕ?

… ಏನ್ ಹೇಳ್ತಿ ಆಕಿಗಿ? ಹಾಂ? "ಅವ್ವಾ, ನನ್ನ ಅಂಟು ಬಿಚ್ಚಿತು, ನಿನ್ನ ಜಗಲಿ ಖಾನಿ ಮುರೀತು, ಮಾಫ್ ಮಾಡು" ಅಂತೀಯೇನು? ಆ ಮುದುಕಿ ಮುಂದ? ಎರಡು ವರ್ಷದಿಂದ ಬಂದವರಿಗೆಲ್ಲಾ ಖಾನಿ ಎಳದೆಳದು ತೋರಸ್ತಾಳಲ್ಲೋ ಆಕಿ! "ನೋಡ್ರಿ, ಇದಕ್ಕ ಸರೇಸ ಹಚ್ಚಿಲ್ಲ, ತೊಗಲು ಕುದಿಸಿದ ಅಂಟು ನನ್ನ ಲಿಂಗದ ಹತ್ತಿರ ಬಂದಿಲ್ಲ, ನಮ್ಮ ಸಲಾವುದ್ದೀನ ಕಟ್ಟಿಗಿಗಿ ಕಟ್ಟಿಗೀದೇ ಅಂಟು ಮಾಡಿಕೊಟ್ಟಾನ" ಅಂತ. ಶರಣ ತತ್ತ್ವ ಬಲ್ಲಾಕಿ, ಮಾಂಸ ಮಡ್ಡಿ ಮನ್ಯಾಗ ಬರಗೊಡಾಕಿ ಅಲ್ಲ. ಮತ್ತ ಇಬ್ಬರಿಗೂ ಒಂದೇ ಕಟ್ಟಿ ಮ್ಯಾಲ ರೊಟ್ಟಿ ಹಾಕಿ ಬೆಳಸ್ಯಾಳ, ನಿನಗ ಬ್ಯಾರೆ ನನಗ ಬ್ಯಾರೆ ಅನ್ನಲಿಲ್ಲ. ವಿಭೂತಿ ಗಟ್ಟಿ ಇಡಾಕ ಒಂದು ಖಾನಿ ಬೇಕು, ಆದ್ರ ಸರೇಸ ಬ್ಯಾಡ ಅಂದ್ಲು. ಹೊಸಾ ಜಗಲಿ ಎಲ್ಲಾ ಕಟ್ಟಿಗಿ ಗೂಟಾ ಬಡದೇ ನಿಲ್ಲಸ್ತೇನಿ, ಆದ್ರ ಖಾನಿ ಅಂಟಿಲ್ಲದ ಬರೇ ಗೂಟದ ಮ್ಯಾಲ ನಿಂದ್ರಂಗಿಲ್ಲ ಅಂತ ನಾ ಅಂದ್ನಿ. ನೀ ಎದ್ದು ನಿಂತು "ನಾ ಕೊಡ್ತೀನಿ ಅವ್ವಾ" ಅಂದಿ. ಆಕಿ ನಿನ್ನ ತಲಿ ಮ್ಯಾಲ ಕೈಯಿಟ್ಲು. ಅದು ನೆನಪದ ನನಗ.

ಕುಂದ್ರು ಸಲ್ಲು. ಹೋಗಬ್ಯಾಡ. ನಿನಗ ಕೈ ಮುಗೀತೇನಿ, ಆ ಮಾತು ಆಕಿ ಮುಂದ ಆಡಬ್ಯಾಡ.

… ಯಾಕಂದ್ರ ಅದು ಸುಳ್ಳು.

ಹಿಂಗ ನೋಡಬ್ಯಾಡ. ನೋಡಬ್ಯಾಡಲೇ! ಹೇಳ್ತೇನಿ. ಬಾಯಿ ಬಿಟ್ರ ಬಣ್ಣಗೇಡು ಅಂತ ಎರಡು ವರ್ಷ ತುಟಿ ಹೊಲಕೊಂಡು ಕುಂತಿದ್ನಿ. ಈ ಖಾನಿಗಿ ನಿನ್ನ ಅಂಟು… ನಿನ್ನ ಅಂಟು ಇದರಾಗ ಇಲ್ಲ ಸಲ್ಲು. ಒಂದು ಹನಿ ಸುದ್ದ ಇಲ್ಲ. ಇದಕ್ಕ ನಾ ಸರೇಸ ಹಚ್ಚೀನಿ.

ಹಾಂ. ಸರೇಸ. ತೊಗಲಿಂದು.

ಬೇಕಂತ ಮಾಡಿಲ್ಲ, ಚಂದಮ್ಮನ ಕೊರಳ ತಾಳಿ ಆಣಿ. ಪೈಲಾ ನಿಂದೇ ಹಚ್ಚಿದ್ನಿ. ಆವಾಗ ನೀ ಊರಾಗ ಇದ್ದಿಲ್ಲ, ಮಾಸ್ತರ ಟ್ರೇನಿಂಗ್ ಅಂತ ಗುಲಬರ್ಗಾದಾಗ ಕುಂತಿದ್ದಿ. ಹೋಗೂ ಮುಂದ ನಾಕು ಸಲ ಹೇಳಿದ್ದಿ, "ದತ್ತು, ಇದು ಸರೇಸ ಅಲ್ಲ. ಹಚ್ಚಿ ಬಿಗದು, ಸುಡೂ ಹಂಗ ಕಾಸಿ ಒತ್ತಿ ಹಿಡಿ, ಅರ್ಧಾ ತಾಸು. ಇದು ಬಿಸಿಗೇ ಗಟ್ಟಿ ಆಗೂದು" ಅಂತ. ಹೂಂ ಹೂಂ ಅಂದ್ನಿ. ಹೂಂ ಅನ್ನಾಕ ಏನು ಹೋಗ್ತದ! ನೀ ಬಸ್ ಹತ್ತಿದ ಮ್ಯಾಲ ನನ್ನ ಬಡಿಗೇರ ಬುದ್ಧಿ ಎದ್ದು ನಿಂತಿತು. ನಮ್ಮಪ್ಪನ ಕಾಲದಿಂದ ಅಂಟು ಅಂದ್ರ ಏನು? ಬಿಸಿ ನೀರಾಗ ತೆಳ್ಳಗ ಮಾಡಬೇಕು, ಹಚ್ಚಬೇಕು, ಬಿಗದು ನೆರಳಾಗ ಇಡಬೇಕು. ತಣ್ಣಗಾದಂಗ ಹಿಡೀತದ, ಬಿಸಿ ತಾಗಿದ್ರ ಬಿಡ್ತದ. ಈ ಮಾಸ್ತರ ಉಲ್ಟಾ ಹೇಳ್ತಾನ! ಸಾಲ್ಯಾಗ ಸೀಸಾ ತೊಳಿಯಾವಗ ಅಂಟಿನ ಸುದ್ದಿ ಏನ್ ಗೊತ್ತು ಅಂದ್ನಿ. ನಿನ್ನ ಕರೀ ಅಂಟಿಗಿ ಒಂದು ಲೋಟಾ ಬಿಸಿ ನೀರು ಹಾಕಿ ತೆಳ್ಳಗ ಮಾಡಿದ್ನಿ. ನೀರು! ನಿನ್ನ ಒಂಬತ್ತು ವರ್ಷದಾಗ ಒಂದು ಲೋಟಾ ನೀರು ಹಾಕಿದ್ನಿ. ಹಚ್ಚಿ, ಬಿಗದು, ಮ್ಯಾಲ ಬೀಸೂಕಲ್ಲು ಹೇರಿ, ನೆರಳಾಗ ಇಟ್ನಿ.

ಮೂರನೇ ದಿನಾ ಎಳದ್ರ ಖಾನಿ ನಾಕು ಚೂರು.

ಮರದಿನ ಶ್ರಾವಣ ಸೋಮವಾರ. ಸುಭದ್ರವ್ವ ಜಂಗಮರನ್ನ ಕರಸ್ಯಾಳ, ಬೀಗರು ಬಂದಾರ, ಹೊಸಾ ಜಗಲಿ ಮ್ಯಾಲ ಪೂಜಿ ಅಂತ ಊರಿಗೆಲ್ಲಾ ಹೇಳ್ಯಾಳ. ನೀ ಇಲ್ಲ. ಹೋಗಿ ಏನ್ ಹೇಳ್ಲಿ? ಸಲಾವುದ್ದೀನನ ಅಂಟು ಹಿಡೀಲಿಲ್ಲ ಅಂತ ಹೇಳ್ಲಿ? ಅಷ್ಟು ಮಂದಿ ಮುಂದ? ನಿನ್ನ ಮಾನ ಉಳಸಾಕ ಮಾಡಿದ್ನಿ ಅಂದ್ರ ನಂಬ್ತೀಯೇನು? ಅರ್ಧಾ ಖರೆ ಅದು. ಉಳದ ಅರ್ಧಾ ನನ್ನ ಮಾನ. ಹಲ್ಲೆಲ್ಲಾ ಕೆರದು ಕರೀದು ತೆಗದು, ಸರೇಸ ಕಾಸಿ ಹಚ್ಚಿ, ಸಂದಿ ಕಾಣಲಾರದಂಗ ಮ್ಯಾಲ ಗಟ್ಟಿ ಪಾಲಿಶ್ ಹೊಡದು ಕೊಟ್ಟು ಬಂದ್ನಿ. ಒಂದು ಖಾನಿ ಅಷ್ಟೇ, ಜಗಲಿ ಎಲ್ಲಾ ಗೂಟದ್ದೇ ಅದ ಅಂತ ನನಗ ನಾನೇ ಹೇಳ್ಕೊಂಡೆ. ನೀ ಬಂದ ಮ್ಯಾಲ ಹೇಳಿದ್ರಾತು, ಹೊಸಾದು ಮಾಡಿದ್ರಾತು ಅಂತ.

ನೀ ಬಂದಿ. ಬಸ್ಸಿಳದಾವ ಸೀದಾ ಅವ್ವನ ಮನಿಗಿ ಹೋಗಿದ್ದಿ. ಖಾನಿ ಹತ್ತು ಸಲ ಎಳದಿ, ಹತ್ತು ಸಲ ಮುಚ್ಚಿದಿ. ನನ್ನ ಅಪ್ಪಿಕೊಂಡು "ಹಿಡೀತು ದತ್ತು, ಹಿಡೀತು" ಅಂದಿ. ಆವಾಗ ಹೇಳಾಕ ನನಗ ಬಾಯಿ ಬರಲಿಲ್ಲ. ಬರಲಿಲ್ಲ ಸಲ್ಲು. ಮರದಿನ ಹೇಳ್ತೇನಿ ಅಂದ್ನಿ. ಮರದಿನದಿಂದ ಎರಡು ವರ್ಷಾತು.

… ನಿಲ್ಲು, ಇನ್ನೂ ಅದ. ಇದನ್ನೂ ಹೇಳಲಿಲ್ಲ ಅಂದ್ರ ಎದಿ ಒಡೀತದ. ನಿನ್ನ ಅಂಟು ಖರಾಬು ಅಲ್ಲ. ಅದು ನನಗ ಗೊತ್ತದ. ಇವತ್ತಲ್ಲ, ಆವಾಗಿಂದ ಗೊತ್ತದ.

ಏ ಚಂದಮ್ಮ! ಆ ಕೊಣಮಿಗಿ ತಗೊಂಡು ಬಾ! ಹಿಟ್ಟು ನಾದೂ ಕಟ್ಟಿಗಿ ಕೊಣಮಿಗಿ! … ಹಿಟ್ಟು ಇದ್ರ ತೆಗದು ಪರಾತದಾಗ ಹಾಕು, ಲಗೂನ ತಾ! … ಇವತ್ತ ರೊಟ್ಟಿ ತಡಾ ಆದ್ರ ಆಗ್ಲಿ ಬೇ!

ಇಲ್ನೋಡು. ಈ ಸೀಳು ಕಾಣ್ತದೇನು, ಈ ತುದಿಯಿಂದ ಆ ತುದಿಗಿ, ಕರ್ರಗ? ಆ ಶ್ರಾವಣ ಮುಗದು ಹದಿನೈದು ದಿನಕ್ಕ ಇದು ಸೀಳಿತು. ನಿನ್ನ ಅಂಟು ಡಬ್ಬಿ ತಳದಾಗ ಜರಾ ಉಳದಿತ್ತು, ನೀರು ಹಾಕಲಾರದ್ದು. ಚೆಲ್ಲಾಕ ಮನಸಾಗಲಿಲ್ಲ. ಮಾಸ್ತರ ಹೇಳಿದಂಗ ಒಮ್ಮೆ ಮಾಡೇ ನೋಡೋಣು ಅಂದ್ನಿ. ಕಾಸಿ ಗಟ್ಟಿ ಆದ ಮ್ಯಾಲ ವಿಷ ಉಳಿಯಂಗಿಲ್ಲ ಅಂತ ನೀನೇ ಹೇಳಿದ್ದಿ. ಹಚ್ಚಿದ್ನಿ, ಹಗ್ಗಾ ಹಾಕಿ ಬಿಗದ್ನಿ, ಇಸ್ತ್ರಿ ಪೆಟ್ಟಿಗ್ಯಾಗ ಕೆಂಡಾ ತುಂಬಿ ಅರ್ಧಾ ತಾಸು ಒತ್ತಿ ಹಿಡದ್ನಿ. ಕೈ ಸುಟ್ಟವು. ಬಿಡಲಿಲ್ಲ.

ಜೋಳದ ರೊಟ್ಟಿಗಿ ಎಂಥಾ ನೀರ ಹಾಕ್ತಾರ ನಿನಗ ಗೊತ್ತದಲ್ಲ? ತಣ್ಣೀರಿನಾಗ ಜೋಳದ ಹಿಟ್ಟು ಜಿಗಿ ಬರಂಗಿಲ್ಲ. ಕುದಿಯೋ ಎಸರು ಹೊಯ್ಯಬೇಕು. ದಿನಾ ಎರಡು ಹೊತ್ತು, ಎರಡು ವರ್ಷ, ಕುದಿಯೋ ಎಸರು ಹೊಯ್ದಾಳ ಆಕಿ ಇದರಾಗ. ಮ್ಯಾಲ ಮುಷ್ಟಿಲೆ ಗುದ್ದ್ಯಾಳ. ಒಂದು ಹನಿ ಸೋರಿಲ್ಲ. ಕೇಳು ಆಕಿನ್ನ! … ಹೇಳು ಚಂದಮ್ಮ, ಸೋರ್ಯಾದೇನು? … ಕೇಳಿದಿ? ನಾಳೆ ಬರೋರ ಕೈಯಾಗ ಇದನ್ನ ಕೊಡು. ಮೂರು ದಿವಸ ಅಲ್ಲ, ಒಂದು ತಿಂಗಳಾ ಕುದಿಸಲಿ ಅವರು. ಆಕಿಗಿ ಬ್ಯಾರೆ ಮಾಡಿಕೊಡ್ತೇನಿ.

ದಿನಾ ಈ ಕೊಣಮಿಗ್ಯಾಗಿನ ರೊಟ್ಟಿ ತಿಂದ್ನಿ ನಾ, ಎರಡು ವರ್ಷ. ತಿನ್ಕೋತ ಗೊತ್ತಿತ್ತು, ಅಂಟಿಂದು ತಪ್ಪಲ್ಲ, ನಂದು ಅಂತ. ಹೇಳಬೇಕಂದ್ರ ಖಾನಿ ಸುದ್ದಿ ಹೇಳಬೇಕಾಗ್ತದ. ಅದಕ್ಕ ಹೇಳಲಿಲ್ಲ.

ಬೈಯೋ. ಒಂದ್ ಸಲ ಬೈ. ಹರಾಮಖೋರ ಅನ್ನು, ಏನರ ಅನ್ನು. ಹೊಡಿ ಬೇಕಾದ್ರ, ಕೊಡತಿ ಅಲ್ಲೇ ಅದ. ಹಿಂಗ ಮೂಕ ಆಗಿ ಕುಂದ್ರಬ್ಯಾಡ. ನಂಬಿಕಿ ಬರವಲ್ದೇನು? ಗಂಟು ಬಿಚ್ಚು, ಖಾನಿ ತೋರಸ್ತೇನಿ. ಕೊಡು, ಬೆಳಕಿಗಿ ತರ್ತೇನಿ. ಇಲ್ಲಿ, ಈ ಹಲ್ಲಿನ ಸಂದ್ಯಾಗ ನೋಡು. ನಿನ್ನ ಅಂಟು ಎಷ್ಟು ಕರಿ, ಕೊಣಮಿಗಿ ನೋಡು. ಇದರಾಗ ಸಾಸಿವಿಯಷ್ಟರ ಕರಿ ಅದ ಏನು? ಎಲ್ಲಾ ಬೆಳ್ಳಗ. ಕಣ್ಣಿದ್ದವರು ಯಾರೇ ನೋಡಿದ್ರೂ…

ಯಾರೇ ನೋಡಿದ್ರೂ ಗೊತ್ತಾಗ್ತದ.

… ನೀ ನೋಡೀದಿ.

ಹಂಡೇದಾಗಿಂದ ತೆಗದಾಗೇ ನೋಡೀದಿ. ಒಂಬತ್ತು ವರ್ಷ ಅದನ್ನ ಕಾಸಿದಾವ ನೀ, ನಿನ್ನ ಅಂಟಿನ ಬಣ್ಣಾ ನಿನಗ ಗೊತ್ತಾಗಲಿಲ್ಲಾ? ಸರೇಸ ಕುದ್ದ್ರ ಸುಟ್ಟ ತೊಗಲಿನ ನಾತಾ ಓಣಿ ತುಂಬ ಹೊಡೀತದ. ನನ್ನ ಬಾಗಲದಾಗ ನಿಂದ್ರೋಕಿಂತ ಮೊದಲೇ ಎಲ್ಲಾ ಗೊತ್ತಿತ್ತು ನಿನಗ.

ಗೊತ್ತಿದ್ದೂ ಕುಂತಿದ್ದಿ. ನಾನೇ ಹೇಳ್ಲಿ ಅಂತ ಕುಂತಿದ್ದಿ. ನಾ ಏನ್ ಮಾಡಿದ್ನಿ? ತಾಕತ್ತಿಲ್ಲ ಅಂದ್ನಿ. ಖರಾಬು ಅಂದ್ನಿ. ಲೆಕ್ಕಾ ಹಾಕು ಅಂದ್ನಿ! ನಿನ್ನ ಮಾರಿ ನೋಡ್ಕೋತ, ನಗ್ಕೋತ ಅಂದ್ನಿ. ತಾರು ಕಳಸು ಅಂದ್ನಿ. ಯಪ್ಪಾ ಶಿವನೇ… ನೀ ಬೈದಿದ್ರ ತಡಕೋತಿದ್ನಿ ಸಲ್ಲು. ನನ್ನ ಸುಳ್ಳೆಲ್ಲಾ ಪೂರಾ ಕುಂತು ಕೇಳ್ದಿ, ಒಂದ್ ಮಾತು ಅಡ್ಡ ಹಾಕಲಿಲ್ಲ.

ಒಂದೇ ಒಂದು ಹೇಳು. ಈಗ ಎದ್ದು ಅವ್ವನ ಮನಿಗಿ ಹೊಂಟಿದ್ದಿಯಲ್ಲ. ನಾ ಬಾಯಿ ಬಿಡಲಾರದ ಕುಂತಿದ್ರ, ಆಕಿ ಮುಂದ ಏನ್ ಹೇಳ್ತಿದ್ದಿ? ದತ್ತು ಸರೇಸ ಹಚ್ಚ್ಯಾನ ಅಂತ ಹೇಳ್ತಿದ್ದೇನು?

… ನನ್ನ ಕಡಿ ನೋಡು. ಹೇಳ್ತಿದ್ದೇನು?

ನನ್ನ ಅಂಟೇ ಬಿಚ್ಚಿತು ಅಂತ ಹೇಳ್ತಿದ್ದಿ. ಹೌದಲ್ಲ? ಎಲ್ಲಾ ನಿನ್ನ ಮ್ಯಾಲ ಹೊತ್ಕೊಂಡು ಬರ್ತಿದ್ದಿ. ನಾಳೆ ಅವರಿಗೂ ಅದನ್ನೇ ಹೇಳ್ತಿದ್ದಿ.

… ಹೇಳ್ತಿದ್ದಿ.

ಕಣ್ಣಿಗಿ ಏನೋ ಬಿತ್ತು ನನಗ… ಇಲ್ಲ, ಏನೂ ಬಿದ್ದಿಲ್ಲ. ಅಳಾಕತ್ತೇನಿ. ಕೊಡಿಲ್ಲಿ ಖಾನಿ. ನೀ ಹಿಂದ ಬಾ, ಬರಲಿಲ್ಲ ಅಂದ್ರೂ ಅಡ್ಡಿಯಿಲ್ಲ. ಅವ್ವನ ಮನಿ ತನಕಾ ನಾನೇ ಹೊರ್ತೇನಿ.